ಕಣ್ಣು ಮುಚ್ಚಿದರೆ ಹೊರಡುವ ಗಾಡಿ

ಸತ್ಯಮಂಗಲದ ಈ ಬೀದಿಗೆ ಬಾಡಿಗೆಗೆ ಬಂದ ಮೊದಲ ವಾರವೇ ನನ್ನನ್ನು ಕಳ್ಳನೆಂದು ಹಿಡಿದರು. ಹಿಡಿಯುವಂಥದ್ದು ನಾನೇನೂ ಮಾಡಿರಲಿಲ್ಲ. ಸಂಪಾದಕರ ಫೋನು ಬಂದಿತ್ತು. ನನ್ನ ನಗೆಬರಹ ಓದಿ ಯಾರೂ ನಗುತ್ತಿಲ್ಲವೆಂಬುದನ್ನು ಅವರು ಬಿಡಿಸಿ ಬಿಡಿಸಿ ಹೇಳುತ್ತಿದ್ದರು. ಅಂಥ ಮಾತನ್ನು ಸುಮ್ಮನೆ ನಿಂತು ಕೇಳುವುದು ಕಷ್ಟ. ಪಕ್ಕದ ಖಾಲಿ ಸೈಟಿನಲ್ಲಿ ತಗಡಿನ ಚಪ್ಪರದ ಕೆಳಗಿದ್ದ ಹಳೆಯ ಟೆಂಪೊ ವ್ಯಾನಿಗೆ ಬೆನ್ನು ಕೊಟ್ಟೆ. ಅಷ್ಟೇ. ವ್ಯಾನು ಲಾರಿ ಹಾರನ್ನಿನ ದನಿಯಲ್ಲಿ ಬಡಿದುಕೊಳ್ಳತೊಡಗಿತು. ನಾನು ಬೆಚ್ಚಿ ಹಾರಿದೆ. ಹಾರಿದ್ದು ನಾನೊಬ್ಬನೇ, ನನ್ನ ಜುಬ್ಬದ ಜೇಬು ಹಿಂಬಾಗಿಲ ಹಿಡಿಗೆ ಸಿಕ್ಕಿಕೊಂಡು ಅಲ್ಲೇ ಉಳಿಯಿತು.

ಎದುರುಮನೆಯ ಹನುಮಂತಮ್ಮ ಪೊರಕೆ ಹಿಡಿದು ಓಡಿಬಂದರು.

"ಹಿಡ್ಕಳ್ರೋ! ಗಂಗಮ್ಮನ ಗಾಡಿಗೇ ಕೈ ಹಾಕವ್ನೆ!"

"ಅಮ್ಮಾ, ನಾನು ಪೇಪರಿಗೆ ಬರೆಯೋನು. ಹಾಸ್ಯ ಬರೀತೀನಿ," ಎಂದೆ.

"ಈ ಮೊಕಕ್ಕೆ ಹಾಸ್ಯ ಬೇರೆ ಕೇಡು," ಎಂದು ಅವರು ಪೊರಕೆಯನ್ನು ಇನ್ನಷ್ಟು ಮೇಲೆತ್ತಿದರು.

ಅಷ್ಟರಲ್ಲಿ ಗಾಡಿಯ ಯಜಮಾನರು ಬಂದರು. ಖಾಕಿ ಚಡ್ಡಿ, ಬನಿಯನ್ನು, ಬೆರಳಿಗೆಲ್ಲ ರೆಡ್ ಆಕ್ಸೈಡ್ ಬಣ್ಣ ಬಳಿದುಕೊಂಡಿದ್ದ ಸಣಕಲು ಮನುಷ್ಯ. ಎಲ್ಲಿಯೋ ಕೈ ಹಾಕಿ ಹಾರನ್ನಿನ ಬಾಯಿ ಮುಚ್ಚಿಸಿದರು. ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

"ಬುಡವ್ವ, ಕಳ್ಳ ಅಲ್ಲ. ಕಳ್ಳರಿಗೆ ಒಸಿ ಚುರುಕಿರ್ತದೆ."

ಈ ಬೀದಿಯಲ್ಲಿ ನನಗೆ ಸಿಕ್ಕ ಮೊದಲ ಪ್ರಮಾಣಪತ್ರ ಅದು. ಹರಿದ ಜೇಬನ್ನು ಅವರೇ ಸೂಜಿ ದಾರ ತಂದು ಹೊಲಿದುಕೊಟ್ಟರು. ನನ್ನ ಮತ್ತು ಲಕ್ಷ್ಮೀನರಸಿಂಹಯ್ಯನವರ ಸ್ನೇಹ ಶುರುವಾದದ್ದು ಹೀಗೆ.

ಅವರು ಇಲ್ಲೇ ಇಂಡಸ್ಟ್ರಿಯಲ್ ಏರಿಯಾದ ಬಸ್ ಬಾಡಿ ಕಟ್ಟುವ ಶೆಡ್ಡೊಂದರಲ್ಲಿ ವೆಲ್ಡರಾಗಿದ್ದು ಬಿಟ್ಟವರು. ಆ ಕೆಲಸ ಅವರಿಗೆ ಕೊಟ್ಟು ಕಳಿಸಿದ್ದು ಎರಡು. ಒಂದು, ಎಡಗಣ್ಣಿನ ರೆಪ್ಪೆಯ ಮೇಲೆ ಕಿಡಿ ಹಾರಿದ ಗಾಯ; ಅದರಿಂದ ಆ ಕಣ್ಣು ಪೂರ್ತಿ ಮುಚ್ಚುತ್ತಿರಲಿಲ್ಲ, ನಿದ್ದೆಯಲ್ಲಿದ್ದಾಗಲೂ ಅರ್ಧ ಎಚ್ಚರವಿದ್ದಂತೆ ಕಾಣುತ್ತಿದ್ದರು. ಇನ್ನೊಂದು, ಶೆಡ್ಡಿನ ಮೂಲೆಯಲ್ಲಿ ಬೇಡವಾಗಿ ಬಿದ್ದಿದ್ದ ಈ ವ್ಯಾನು. ಅದನ್ನು ಅವರು ಕೈಯಾರೆ ಮನೆ ಮಾಡಿದ್ದರು. ಮಡಿಸುವ ಮಂಚ, ತೆಂಗಿನ ನಾರಿನ ಹಾಸಿಗೆ, ಒಂದೇ ಬರ್ನರಿನ ಒಲೆ, ನಲ್ಲಿ ಕೂಡಿಸಿದ ನೀರಿನ ಡ್ರಮ್ಮು, ಕಿಟಕಿಗೆ ಹೆಂಡತಿಯ ಹಳೆಯ ಸೀರೆಯ ಪರದೆ. ಕಾಗದಪತ್ರವನ್ನೂ ಸರಿಯಾಗಿ ಮಾಡಿಸಿದ್ದರು. ಆ ಹೆಂಡತಿ ದೊಡ್ಡಗಂಗಮ್ಮನವರ ತವರು ಕುಣಿಗಲ್ ಕಡೆಯ ಕೊತ್ತಗೆರೆ. ಮಗಳು ನಂದಿತಾ ಮದುವೆಯಾಗಿ ತಿಪಟೂರು ಸೇರಿದ ಮೇಲೆ ಗಂಡ ಹೆಂಡಿರಿಬ್ಬರೂ ಈ ಗಾಡಿಯಲ್ಲಿ ಕೆರೆಯಿಂದ ಕೆರೆಗೆ, ದೇವರಿಂದ ದೇವರಿಗೆ ತಿರುಗಿದರು.

"ಮನೇಲಿದ್ರೆ ಜಗಳ ಆಡ್ತಿದ್ವಿ ಸಾ. ಗಾಡೀಲೂ ಆಡ್ತಿದ್ವಿ. ಆದ್ರೆ ಕಿಟಕಿ ಆಚೆ ಬೇರೆ ಬೇರೆ ಊರು ಕಾಣ್ತಿತ್ತು."

ಈಗ ಗಂಗಮ್ಮನವರು ಇರಲಿಲ್ಲ. ಹಿಂದಿನ ವರ್ಷ ಗೌರಿ ಹಬ್ಬ ಮುಗಿದ ಮೇಲೆ ಜ್ವರವೆಂದು ಮಲಗಿದವರು ಆಸ್ಪತ್ರೆಯಿಂದ ವಾಪಸು ಬರಲಿಲ್ಲ. ಆಂಬುಲೆನ್ಸಿನ ಮಾತು ಬಂದಾಗ ಲಕ್ಷ್ಮೀನರಸಿಂಹಯ್ಯನವರು ಅಂದದ್ದು ಇಷ್ಟೇ: "ಅವತ್ತೊಂದ್ ದಿನ ಬೇರೆ ಗಾಡಿ ಹತ್ತವ್ಳೆ."

ಅಂದಿನಿಂದ ವ್ಯಾನು ಚಪ್ಪರ ಬಿಟ್ಟು ಕದಲಿರಲಿಲ್ಲ. ಆದರೆ ಅದಕ್ಕೆ ನಡೆಯುತ್ತಿದ್ದ ಸೇವೆಯನ್ನು ನೋಡಿದರೆ ಓಡುವ ಗಾಡಿಗಳು ಹೊಟ್ಟೆಕಿಚ್ಚು ಪಡಬೇಕು. ಟೈರು ಚಪ್ಪಟೆಯಾಗದಿರಲೆಂದು ಜಾಕ್ ಕೊಟ್ಟು ಇಟ್ಟಿಗೆಯ ಮೇಲೆ ಕೂರಿಸಿದ್ದರು. ತುಕ್ಕು ಕಂಡ ಕಡೆ ಉಪ್ಪುಕಾಗದದಲ್ಲಿ ಉಜ್ಜಿ ರೆಡ್ ಆಕ್ಸೈಡ್ ಹೊಡೆಯುತ್ತಿದ್ದರು. ಇಲಿ ವೈರು ಕಡಿಯದಂತೆ ಎಂಜಿನ್ ಸುತ್ತ ನುಸಿಗುಳಿಗೆ ಇಡುತ್ತಿದ್ದರು. ಬ್ಯಾಟರಿಗೆ ಮನೆಯಿಂದಲೇ ಚಾರ್ಜು. ಇನ್ನು ಕಳ್ಳರ ವಿಷಯ: ಸ್ಟೀರಿಂಗಿಗೆ ಸರಪಳಿ, ಕ್ಲಚ್ಚಿಗೂ ಬ್ರೇಕಿಗೂ ಸೇರಿಸಿ ಒಂದು ಬೀಗ, ಸ್ಟೆಪ್ನಿ ಟೈರಿಗೆ ಇನ್ನೊಂದು ಸರಪಳಿ, ನನ್ನ ಜೇಬು ಹರಿಸಿದ ಹಾರನ್ನು, ಕಿಟಕಿಯಲ್ಲಿ "ಒಳಗೆ ನಾಯಿ ಇದೆ" ಎಂಬ ಬೋರ್ಡು.

"ನಾಯಿ ಎಲ್ಲಿ?" ಎಂದು ಕೇಳಿದೆ.

"ಓದೋ ಕಳ್ಳನಿಗೆ ಬೋರ್ಡೇ ಸಾಕು ಸಾ."

ದಿನಾ ಬೆಳಿಗ್ಗೆ ಇನ್ನೊಂದು ನಡೆಯುತ್ತಿತ್ತು. ಬೀಗಗಳನ್ನೆಲ್ಲ ಬಿಚ್ಚಿ ಡ್ರೈವರ್ ಸೀಟಿನಲ್ಲಿ ಕೂತು, ಡ್ಯಾಶ್‌ಬೋರ್ಡಿನ ಮೇಲಿದ್ದ ದೇವರಾಯನದುರ್ಗದ ನರಸಿಂಹಸ್ವಾಮಿಯ ಪುಟ್ಟ ಪಟಕ್ಕೆ ಕಣ್ಣು ಮುಚ್ಚಿ ಕೈ ಮುಗಿಯುತ್ತಿದ್ದರು. ಹಾಗೆಯೇ ಬಹಳ ಹೊತ್ತು ಇರುತ್ತಿದ್ದರು. ಆಮೇಲೆ ಕೀಲಿ ತಿರುಗಿಸುತ್ತಿದ್ದರು. ಸೆಲ್ಫು ನರಳುತ್ತಿತ್ತು, ಎಂಜಿನ್ನು ಹಿಡಿಯುತ್ತಿರಲಿಲ್ಲ. ತಲೆಯಾಡಿಸಿ ಇಳಿದು, ಬಟ್ಟೆ ತೆಗೆದುಕೊಂಡು ಡ್ಯಾಶ್‌ಬೋರ್ಡನ್ನೆಲ್ಲ ಒರೆಸಿ, ಆ ಪಟವೊಂದನ್ನು ಮಾತ್ರ ಮುಟ್ಟದೆ ಬಿಡುತ್ತಿದ್ದರು. ಮಡಿ ಇರಬೇಕು ಎಂದುಕೊಂಡೆ. ಹತ್ತಾರು ವರ್ಷ ಜನರ ನಡವಳಿಕೆ ನೋಡಿ ಬರೆದವನ ಸೂಕ್ಷ್ಮಬುದ್ಧಿ ಅಷ್ಟು.

"ಎಂಜಿನ್ನಿಗೆ ಏನಾಗಿದೆ?" ಎಂದು ಒಂದು ದಿನ ಕೇಳಿಯೇಬಿಟ್ಟೆ.

"ಏನೂ ಆಗಿಲ್ಲ. ಗಂಗಮ್ಮ ಬೀಗ ಹಾಕವ್ಳೆ."

ಕಥೆ ಹೊರಬಂತು. ಕೆಲವು ವರ್ಷದ ಹಿಂದೆ ಗುಬ್ಬಿಯಲ್ಲಿ ಗಾಡಿ ನಿಲ್ಲಿಸಿ ಇವರು ಟೀ ಕುಡಿಯಲು ಇಳಿದಿದ್ದರು. ಗಂಗಮ್ಮನವರು ಹಿಂದೆ ಪರದೆ ಎಳೆದುಕೊಂಡು ಮಧ್ಯಾಹ್ನದ ನಿದ್ದೆಯಲ್ಲಿದ್ದರು. ಲಕ್ಷ್ಮೀನರಸಿಂಹಯ್ಯನವರ ಬಾಯಲ್ಲಿ ಯಾವ ಗುಟ್ಟೂ ನಿಲ್ಲದು. ಅಂಗಡಿಯಲ್ಲಿ ಸಿಕ್ಕಿದ ಅಪರಿಚಿತನಿಗೆ ಗಾಡಿಯ ವಂಶಾವಳಿಯನ್ನೆಲ್ಲ ಹೇಳಿ, ಕೊನೆಗೆ, "ಕೀಲಿ ಸವ್ದೋಗೈತೆ ಕಣಪ್ಪ, ಬೀರು ಕೀಲಿ ಹಾಕಿದ್ರೂ ಸ್ಟಾರ್ಟ್ ಆಯ್ತದೆ" ಎಂದೂ ಹೆಮ್ಮೆಯಿಂದ ಸೇರಿಸಿದರು. ಇವರು ಎರಡನೇ ಟೀ ಹೇಳುವಷ್ಟರಲ್ಲಿ ಅವನೂ ಇಲ್ಲ, ಗಾಡಿಯೂ ಇಲ್ಲ.

ರೈಲ್ವೆ ಗೇಟು ಹಾಕಿತ್ತು. ಗಾಡಿ ಅಲ್ಲಿ ನಿಂತಾಗ ಗಂಗಮ್ಮನವರಿಗೆ ಎಚ್ಚರವಾಗಿ, ಕೆದರಿದ ತಲೆ, ಹಣೆಯಲ್ಲಿ ಕಾಸಗಲದ ಕುಂಕುಮ, ಪರದೆಯಿಂದ ಮುಖ ಹೊರಗೆ ಹಾಕಿ ಕೇಳಿದರಂತೆ: "ಏನ್ರೀ, ಯಾವ ಸಾವಿಗೋಗ್ಬೇಕಿತ್ತು ಅಂತ ಹಿಂಗೆ ಓಡ್ಸಿದ್ರಿ?" ಕನ್ನಡಿಯಲ್ಲಿ ಆ ಮುಖ ಕಂಡ ಕಳ್ಳ ಬಾಗಿಲು ತೆಗೆದು ಹಳಿಯ ಗುಂಟ ಓಡಿದ. ಏದುಸಿರು ಬಿಡುತ್ತಾ ಬಂದ ಗಂಡನಿಗೆ ಅವರು ಹೇಳಿದ್ದು ಒಂದೇ ಮಾತು. "ನಿಮ್ಮ ಬಾಯಿಗಂತೂ ಬೀಗ ಹಾಕಕ್ಕಾಗಲ್ಲ. ಗಾಡಿಗೇ ಹಾಕ್ತೀನಿ, ಇರಿ."

ಗುಬ್ಬಿಯಲ್ಲೇ ಕದರಯ್ಯ ಎಂಬ ಆಟೊ ಎಲೆಕ್ಟ್ರಿಷಿಯನ್ನನ್ನು ಹುಡುಕಿ, ಗಂಡನನ್ನು ತರಕಾರಿಗೆ ಕಳಿಸಿ, ಗಾಡಿಯೊಳಗೆ ಎಲ್ಲಿಯೋ ಒಂದು ಕಳ್ಳ ಸ್ವಿಚ್ಚು ಕೂರಿಸಿದರು. ಅದನ್ನು ಒತ್ತದೆ ಎಂಜಿನ್ನು ಹಿಡಿಯದು. ಅಂದಿನಿಂದ ಪ್ರತಿ ಸಲ ಹೊರಡುವಾಗ, "ಕಣ್ ಮುಚ್ಕಳಿ, ಕೈ ಮುಗೀರಿ, ಸ್ವಾಮಿ ನೆನೀರಿ" ಎನ್ನುತ್ತಿದ್ದರು. ಇವರು ಕಣ್ಣು ಮುಚ್ಚಿದ ಹೊತ್ತಿನಲ್ಲಿ ಅವರು ಒತ್ತುತ್ತಿದ್ದರು. ಇವರು ಕಣ್ಣು ತೆರೆದು ಕೀಲಿ ತಿರುಗಿಸಿದರೆ ಗಾಡಿ ಹೊರಡುತ್ತಿತ್ತು.

"ಈಗ ದಿನಾ ಕಣ್ ಮುಚ್ತೀನಿ. ಹಿಡಿಯಲ್ಲ," ಎಂದರು.

ನಾನು ನಗಬೇಕಾದ ಜಾಗ ಅದು. ನಗು ಬರಲಿಲ್ಲ. ಸಂಪಾದಕರ ನೆನಪಾಯಿತು.

ಹೀಗೇ ನಡೆಯುತ್ತಿತ್ತೇನೋ. ಆದರೆ ಗಾಡಿಯ ಎಫ್‌ಸಿ, ಅಂದರೆ ಅದು ಓಡಲು ಯೋಗ್ಯವೆಂಬ ಸರ್ಕಾರದ ಪತ್ರ, ಆ ತಿಂಗಳ ಕೊನೆಗೆ ಮುಗಿಯುತ್ತಿತ್ತು. ಅಷ್ಟರೊಳಗೆ ಅದು ತನ್ನ ಕಾಲ ಮೇಲೆ ಆರ್‌ಟಿಒ ಕಚೇರಿಗೆ ಹೋಗಿ ಓಡಿ ತೋರಿಸಬೇಕು. ಇಲ್ಲದಿದ್ದರೆ ಗುಜರಿಯವರಿಗೆ ಹೇಳುತ್ತೇನೆಂದು ನಂದಿತಾ ಬಂದು ಹಠ ಹಿಡಿದಳು. ಕೆಟ್ಟ ಮಗಳಲ್ಲ. ಚಪ್ಪರದ ಹತ್ತಿರವೂ ಹೋಗಲಾರದೆ ದೂರದಲ್ಲೇ ನಿಂತಿದ್ದಳು.

"ಅಪ್ಪಾ, ಅಮ್ಮನ ಸೀರೆ ಆ ಕಿಟಕೀಲಿ ಬಿಸ್ಲಿಗೆ ಬೆಳ್ಳಗಾಗ್ತಾ ಐತೆ. ನನ್ ಕೈಲಿ ನೋಡಕ್ಕಾಗಲ್ಲ. ಒಂದೋ ಓಡ್ಸು, ಇಲ್ಲ ಕಳಿಸ್ಬುಡು."

"ವೈರೆಲ್ಲ ಕಿತ್ತು ನೇರ ಕೊಡಿಸಿದರೆ ಒಂದು ಗಳಿಗೆಯ ಕೆಲಸವಲ್ಲವೇ?" ಎಂದು ನಾನು ನಡುವೆ ಬಾಯಿ ಹಾಕಿದೆ.

"ಅವ್ಳು ಹಾಕ್ಸಿದ್ದು ಸಾ. ಕೀಳೋ ಹಂಗಿಲ್ಲ."

"ಕದರಯ್ಯನನ್ನಾದರೂ ಕೇಳೋಣ."

ಅವರು ಮಗಳ ಮುಖ ನೋಡಿದರು, ಗಾಡಿಯ ಮುಖ ನೋಡಿದರು. "ಬರ್ತೀನಿ. ಕೇಳೋದು ಮಾತ್ರ ನೀವು," ಎಂದರು.

ಮರುದಿನ ಇಬ್ಬರೂ ಬಸ್ಸಿನಲ್ಲಿ ಗುಬ್ಬಿಗೆ ಹೋದೆವು. ಕದರಯ್ಯ ಇನ್ನೂ ಅದೇ ಅಂಗಡಿಯಲ್ಲಿದ್ದರು. ಸಾವಿನ ಸುದ್ದಿ ಕೇಳಿ ಕೈಯಲ್ಲಿದ್ದ ಹೋಲ್ಡರನ್ನು ಕೆಳಗಿಟ್ಟರು. ಸ್ವಿಚ್ಚಿನ ಮಾತೆತ್ತಿದಾಗ ತಲೆಯಾಡಿಸಿದರು.

"ಆಗಲ್ಲ ಯಜಮಾನ್ರೇ. ಅಕ್ಕ ನಮ್ಮ ಅಂಗ್ಡಿ ದೀಪ ಮುಟ್ಟಿಸಿ ಆಣೆ ಹಾಕಿಸ್ಕಂಡವ್ರೆ. ನಿಮ್ಗೆ ಮಾತ್ರ ಹೇಳೋ ಹಂಗಿಲ್ಲ."

"ನನಗೆ ಹೇಳಬಹುದೇ?" ಎಂದೆ ನಾನು.

ಕದರಯ್ಯ ದೀಪದ ಕಡೆ ನೋಡಿ ಲೆಕ್ಕ ಹಾಕಿದರು. "ನಿಮ್ ವಿಸ್ಯ ಅಕ್ಕ ಏನೂ ಹೇಳಿರ್ನಿಲ್ಲ."

ಲಕ್ಷ್ಮೀನರಸಿಂಹಯ್ಯನವರು ತಾವಾಗಿಯೇ ಎದ್ದು ರಸ್ತೆಯ ಆಚೆ ಹೋಗಿ ಬೆನ್ನು ತಿರುಗಿಸಿ ನಿಂತರು. ಕದರಯ್ಯ ನನ್ನ ಕಿವಿಯಲ್ಲಿ ಹೇಳಿದರು. ದೇವರ ಪಟದ ಕೆಳಗೆ ಒಂದು ಸಣ್ಣ ಗುಂಡಿ. ಕುಂಕುಮ ಇಡುವ ನೆಪದಲ್ಲಿ ಹೆಬ್ಬೆರಳಿನಿಂದ ಒತ್ತಬೇಕು.

ವಾಪಸಾಗುವಾಗ ಬಸ್ಸಿನಲ್ಲಿ ಅವರು ಒಂದು ಮಾತೂ ಕೇಳಲಿಲ್ಲ. ಗುಟ್ಟು ಹೊತ್ತು ನನಗೇ ಬೆವರು ಬಂದಿತ್ತು.

ಎಫ್‌ಸಿಯ ದಿನ ಬೆಳಿಗ್ಗೆ ಇಟ್ಟಿಗೆ ತೆಗೆದು ಗಾಡಿಯನ್ನು ನೆಲಕ್ಕಿಳಿಸಿದೆವು. ಹನುಮಂತಮ್ಮ ಚಕ್ರಕ್ಕೆ ನಿಂಬೆಹಣ್ಣು ಇಟ್ಟರು. ನಾನು ಗಂಗಮ್ಮನವರ ಸೀಟಿನಲ್ಲಿ ಕೂತೆ. ಅದು ಬೇರೆಯವರ ಆಕಾರಕ್ಕೆ ತಗ್ಗಿತ್ತು. ಎಷ್ಟು ಸರಿದುಕೊಂಡರೂ ನನಗೆ ಒಗ್ಗಲಿಲ್ಲ. ಪಟದ ಕೆಳತುದಿಯಲ್ಲಿ ಹಳೆಯ ಕುಂಕುಮ ಒಣಗಿ ಕಪ್ಪಾಗಿತ್ತು. ಅದರ ನಡುವೆ ಹೆಬ್ಬೆರಳಿನ ಗಾತ್ರದ ಒಂದು ಜಾಗ ಮಾತ್ರ ನಯವಾಗಿ ಹೊಳೆಯುತ್ತಿತ್ತು. ಅದರ ಮೇಲೆ ನನ್ನ ಬೆರಳಿಡಲು ಮನಸ್ಸು ಬರಲಿಲ್ಲ.

"ಹೇಳಿ ಸಾ," ಎಂದರು ಅವರು ನೇರ ಮುಂದೆ ನೋಡುತ್ತಾ.

"ಏನು ಹೇಳಲಿ?"

"ಅವ್ಳು ಹೇಳ್ತಿದ್ದಿದ್ದು."

ಗಂಟಲು ಸರಿ ಮಾಡಿಕೊಂಡೆ. "ಕಣ್ಣು ಮುಚ್ಚಿಕೊಳ್ಳಿ. ಕೈ ಮುಗಿಯಿರಿ. ಸ್ವಾಮಿ ನೆನೆಯಿರಿ." ನನ್ನ ಬಾಯಲ್ಲಿ ಅದು ಭಾಷಣದಂತೆ ಕೇಳಿತು. ಅವರು ಕಣ್ಣು ಮುಚ್ಚಿದರು. ನಾನು ಗಡಿಬಿಡಿಯಲ್ಲಿ ಮೊದಲು ಬೇರೇನನ್ನೋ ಒತ್ತಿದೆ; ವೈಪರ್ ಓಡಾಡಿತು. ಎರಡನೇ ಸಲ ಸರಿಯಾದದ್ದು ಸಿಕ್ಕಿತು. ಕೀಲಿ ತಿರುಗಿತು. ಎಂಜಿನ್ನು ಒಮ್ಮೆ ಕೆಮ್ಮಿ, ಚಪ್ಪರದ ತಗಡೆಲ್ಲ ನಡುಗುವಂತೆ ಹಿಡಿದುಕೊಂಡಿತು. ಮನೆಯ ಬಾಗಿಲಲ್ಲಿ ನಿಂತಿದ್ದ ನಂದಿತಾ ಸೆರಗು ಬಾಯಿಗಿಟ್ಟುಕೊಂಡು ಒಳಗೆ ಹೋದಳು.

ಆರ್‌ಟಿಒ ಕಚೇರಿಯಲ್ಲಿ ಇನ್‌ಸ್ಪೆಕ್ಟರು ಲೈಟು, ಬ್ರೇಕು, ಹೊಗೆ ಎಲ್ಲ ನೋಡಿದರು. ಎಂಜಿನ್ ನಿಲ್ಲಿಸಿ ಮತ್ತೆ ಸ್ಟಾರ್ಟ್ ಮಾಡಲು ಹೇಳಿದರು. ನಾನು ಓಡಿಹೋಗಿ ಸೀಟಿನಲ್ಲಿ ಕೂತು, "ಕಣ್ಣು ಮುಚ್ಚಿಕೊಳ್ಳಿ" ಎಂದೆ. ಇಬ್ಬರು ವಯಸ್ಸಾದ ಗಂಡಸರು ಡ್ಯಾಶ್‌ಬೋರ್ಡಿಗೆ ಕೈ ಮುಗಿದು ಕೂತದ್ದನ್ನು ಕಂಡು ಇನ್‌ಸ್ಪೆಕ್ಟರೂ ಸುಮ್ಮನೆ ಕೈ ಮುಗಿದರು. ಗಾಡಿ ಪಾಸಾಯಿತು.

ಮನೆಗೆ ಹೋಗಬೇಕಾದ ವ್ಯಾನು ಕುಣಿಗಲ್ ರಸ್ತೆಗೆ ತಿರುಗಿತು. ಗಂಗಮ್ಮನವರ ತವರಿನ ದಾರಿ ಅದು. ಹಿಂದಿನಿಂದ ಪಾತ್ರೆಗಳು ಸದ್ದು ಮಾಡುತ್ತಿದ್ದವು. ಸೀರೆಯ ಪರದೆ ಗಾಳಿಗೆ ಎದ್ದೆದ್ದು ನನ್ನ ಹೆಗಲು ಮುಟ್ಟುತ್ತಿತ್ತು. ಕುಣಿಗಲ್ ಕೆರೆ ಏರಿಯ ಪಕ್ಕ ಗಾಡಿ ನಿಲ್ಲಿಸಿ ಅವರೇ ಒಲೆ ಹೊತ್ತಿಸಿ ಟೀ ಕಾಸಿದರು. ಮೂರು ಲೋಟ ತೆಗೆದರು. ಒಂದನ್ನು ವಾಪಸು ಇಟ್ಟರು.

ನೀರು ನೋಡುತ್ತಾ ಕೂತಿದ್ದಾಗ ಅವರ ಎಡಗಣ್ಣಿನ ಮೇಲೆ ನನ್ನ ಗಮನ ಹೋಯಿತು. ರೆಪ್ಪೆ ಹೊಡೆದಾಗಲೂ ಅದು ಪೂರ್ತಿ ಮುಚ್ಚಲಿಲ್ಲ. ಗಂಗಮ್ಮನವರ ಸೀಟೂ ಎಡಗಡೆಯೇ.

"ಯಜಮಾನ್ರೇ," ಎಂದೆ, "ಇಷ್ಟು ವರ್ಷದಲ್ಲಿ ಆ ಸ್ವಿಚ್ಚು ಒಂದು ಸಲವೂ ನಿಮಗೆ ಕಾಣಲಿಲ್ಲವೇ?"

"ಮೊದ್ಲನೇ ದಿವ್ಸಾನೇ ಕಾಣ್ತು."

"ಅಮ್ಮನಿಗೆ ಹೇಳಲಿಲ್ಲವೇ?"

"ಪಾಪ, ಅಷ್ಟು ಖುಷಿಯಾಗಿ ಬಚ್ಚಿಟ್ಟಿದ್ಲು."

ಊರಿಗೆಲ್ಲ ಎಲ್ಲ ಹೇಳಿ ತಿರುಗುವ ಮನುಷ್ಯ. ನನ್ನ ಟೀ ತಣ್ಣಗಾಗಿತ್ತು.

"ಗೊತ್ತಿದ್ದೂ ಇಷ್ಟು ತಿಂಗಳು ಯಾಕ್ರೀ ಗಾಡಿ ಸ್ಟಾರ್ಟ್ ಮಾಡ್ಲಿಲ್ಲ?"

ಅವರು ಲೋಟ ತೊಳೆದು, ನೀರು ಝಾಡಿಸಿ, ಮೊಳೆಗೆ ನೇತು ಹಾಕಿದರು.

"ಕಣ್ ಮುಚ್ಕಳಿ ಅನ್ನೋರು ಇರ್ನಿಲ್ವಲ್ಲ ಸಾ."