ಇನ್ನೊಬ್ಬನ ಮುಖಕ್ಕೆ ಬರೆದ ಮಾತ್ರೆ

ನನ್ನ ಮುಖದ ಮೇಲೆ ಮೊದಲ ತೀರ್ಪು ಕೊಟ್ಟವನು ಅರಕಲಗೂಡಿನ ನನ್ನ ಸೋದರಮಾವನ ಮಗ. ‘ಬಾವ, ನಿನ್ ಮೂತಿ ಒಳ್ಳೆ ಶುಂಠಿ ಗೆಡ್ಡೆ ಇದ್ದಂಗದೆ ಕಣ್ಲಾ’ ಅಂದಿದ್ದ. ಶುಂಠಿ ಬೆಳೆಯೋ ಮನೆಯವನು, ಅವನ ಮಾತನ್ನು ಅಲ್ಲಗಳೆಯುವಂತಿರಲಿಲ್ಲ. ಅವನ ಹಣೆಯಲ್ಲೂ ಮೊಡವೆಗಳಿದ್ದವು, ಆದರೆ ಅವು ಬಂದು ಹೋಗುವ ನೆಂಟರು. ನನ್ನವು ಕೆನ್ನೆಯೊಳಗೆ ಗಂಟು ಕಟ್ಟಿ, ನೋಯಿಸಿ, ಹೋಗುವಾಗ ಗುಂಡಿ ತೋಡಿಟ್ಟು ಹೋಗುತ್ತಿದ್ದವು.

ಎರಡು ಸಾವಿರದ ಇಸವಿಯ ಆಚೀಚೆ. ನಾನು ಚನ್ನರಾಯಪಟ್ಟಣದಿಂದ ಹಾಸನಕ್ಕೆ ದಿನಾ ಬಸ್ಸಿನಲ್ಲಿ ಹೋಗಿ ಡಿಗ್ರಿ ಓದುತ್ತಿದ್ದೆ. ಅವ್ವ ನನ್ನನ್ನೂ ಮಾವನ ಮಗನನ್ನೂ ಹಾಸನದ ಚರ್ಮದ ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು. ಡಾಕ್ಟರು ಮೊದಲು ನನ್ನನ್ನು ನೋಡಿದರು. ‘ದಿನಾ ಒಂದು ಕ್ಯಾಪ್ಸೂಲು. ಊಟದಲ್ಲಿ ತುಪ್ಪನೋ ಎಣ್ಣೇನೋ ಇರ್ಲಿ, ಇಲ್ದಿದ್ರೆ ಮೈಗೆ ಹತ್ತಲ್ಲ. ನಾನು ಹೇಳೋವರ್ಗೂ ಬಿಡಬಾರದು. ಸರೀನಾ? ಸರಿ.’ ಪ್ರಶ್ನೆಯೂ ಅವರದೇ, ಉತ್ತರವೂ ಅವರದೇ. ಅವ್ವ ಚೀಟಿ ಹಿಡಿದು ಕೆಳಗಿನ ಮೆಡಿಕಲ್ ಸ್ಟೋರಿಗೆ ಇಳಿದಳು. ಆಮೇಲೆ ಮಾವನ ಮಗನ ಸರದಿ. ‘ನಿಂದು ಹೆಚ್ಚೇನಿಲ್ಲಪ್ಪಾ. ತಿಂಗಳಿಗೆ ಒಂದು ವಾರ ತಗೊಂಡ್ರೆ ಸಾಕು, ಉಳಿದ ದಿನ ಬಿಟ್ಬಿಡು. ಸರೀನಾ? ಸರಿ.’

ಮೆಟ್ಟಿಲು ಇಳಿಯುವಷ್ಟರಲ್ಲಿ ಆ ದನಿ ನನ್ನ ಗಂಟಲಲ್ಲಿ ಕೂತಾಗಿತ್ತು.

ನನಗೆ ಬರುತ್ತಿದ್ದ ವಿದ್ಯೆ ಅದೊಂದೇ. ಕಂಡಕ್ಟರು, ಮೇಷ್ಟ್ರುಗಳು, ಚಳಿಗೆ ಸ್ಟಾರ್ಟ್ ಆಗದ ಮೊಪೆಡ್ಡು, ಎಲ್ಲರನ್ನೂ ಅಣಕಿಸಿ ಬದುಕುತ್ತಿದ್ದೆ. ಈ ಮುಖದವನ ಪಕ್ಕದಲ್ಲಿ ಯಾರಾದರೂ ಬಂದು ಕೂರುತ್ತಿದ್ದರೆ ಅದು ಆ ವಿದ್ಯೆಯ ದೆಸೆಯಿಂದ. ಆದರೆ ಮಿಮಿಕ್ರಿ ಇರುವುದೆಲ್ಲ ತುಟಿಯಲ್ಲಿ. ಅವ್ವ ಸಾರಿಗೆ ತುಪ್ಪ ಬಿಟ್ಟು, ಮುದ್ದೆ ಉಣ್ಣಿಸಿ, ದಿನಾ ಮಾತ್ರೆ ಕೊಟ್ಟ ಹಾಗೆಲ್ಲ ಕೆನ್ನೆಯ ಗಂಟು ಇಳಿಯಿತು, ತುಟಿ ಬೇಸಿಗೆಯ ಕೆರೆಯಂತೆ ಬಿರಿಯಿತು. ಕ್ಯಾಂಟೀನಿನಲ್ಲಿ ಮೊಪೆಡ್ಡು ಸ್ಟಾರ್ಟ್ ಮಾಡಲು ಹೋದರೆ ಸದ್ದಿನ ಬದಲು ರಕ್ತ ಬಂತು. ಹೊಳೆನರಸೀಪುರದಲ್ಲಿ ಕಾಲೇಜುಗಳ ನಡುವೆ ಮಿಮಿಕ್ರಿ ಸ್ಪರ್ಧೆಯಿತ್ತು, ನಮ್ಮ ಕಾಲೇಜಿನಿಂದ ನಾನೇ ಹೋಗುವವನು.

ಆ ಹೊತ್ತಿಗೇ ಮಾವನ ಮಗ ಮನೆಗೆ ಬಂದ. ಅವನಿಗೆ ಮಾತ್ರೆಯಿಲ್ಲದ ರಜದ ವಾರ. ತುಟಿ ನುಣ್ಣಗಿತ್ತು, ಶಿಳ್ಳೆ ಹೊಡೆಯುತ್ತಾ ಓಡಾಡಿದ. ಅದೇ ಡಾಕ್ಟರು, ಅದೇ ಮಾತ್ರೆ. ಅವನಿಗೆ ರಜ, ನನಗೆ ದಿನಾ ಡ್ಯೂಟಿ.

ಈ ಮಾತ್ರೆಗೆಂದು ಆಗಾಗ ಮಾಡಿಸಬೇಕಿದ್ದ ರಕ್ತ ಪರೀಕ್ಷೆಯ ರಿಪೋರ್ಟು ತೋರಿಸಲು ಆ ಸಲ ಒಬ್ಬನೇ ಹೋಗಿ ಬಂದಿದ್ದೆ. ಅವ್ವ ಊಟಕ್ಕೆ ಬಡಿಸುತ್ತಾ, ‘ಏನಂದ್ರ್ಲಾ ಡಾಕ್ಟ್ರು?’ ಅಂದಳು. ನಾನು ಕನ್ನಡಕ ಮೂಗಿನ ತುದಿಗೆ ಜಾರಿಸಿದವನ ಹಾಗೆ ನೋಡಿ, ಅವರ ದನಿಯಲ್ಲೇ ಒಪ್ಪಿಸಿದೆ. ‘ತಿಂಗಳಿಗೆ ಒಂದು ವಾರ ತಗೊಂಡ್ರೆ ಸಾಕು, ಉಳಿದ ದಿನ ಬಿಟ್ಬಿಡು. ಸರೀನಾ? ಸರಿ.’ ಒಂದಕ್ಷರ ನನ್ನದಲ್ಲ. ಅವ್ವ ಸೆರಗಿನಲ್ಲಿ ಕಣ್ಣೊರೆಸಿಕೊಂಡು ನಕ್ಕಳು. ‘ಅವ್ರೇ ಬಂದು ಕುಂತಂಗದೆ ಕಣ್ಲಾ. ನಮ್ಮಣ್ಣನ ಮಗಂಗೂ ಇಂಗೇ ಅಂದವ್ರಲ್ಲ, ಸರಿ ಬುಡು’ ಎಂದು ಮಾತ್ರೆಯ ಹಾಳೆಯನ್ನು ಡಬ್ಬಿಗೆ ಹಾಕಿದಳು.

ತುಟಿ ಕೂಡಿಕೊಂಡಿತು. ಹೊಳೆನರಸೀಪುರದಲ್ಲಿ ಎರಡನೇ ಬಹುಮಾನ, ಒಂದು ಸ್ಟೀಲ್ ಟಿಫಿನ್ ಕ್ಯಾರಿಯರ್. ಮೊದಲನೆಯದು ಹಸು ಕರು ಹಾಕುವ ಸದ್ದು ಮಾಡಿದವನಿಗೆ ಹೋಯಿತು. ನ್ಯಾಯವಾಗೇ ಹೋಯಿತು.

ಅಷ್ಟರಲ್ಲಿ ದವಡೆಯುದ್ದಕ್ಕೂ ಗಂಟುಗಳು ಮತ್ತೆ ಎದ್ದಿದ್ದವು. ಮಾವನ ಮಗನ ಲೆಕ್ಕದಂತೆ ಒಂದು ವಾರ ನುಂಗಿದೆ, ಅವು ಕೇರೇ ಮಾಡಲಿಲ್ಲ. ನೋವಿಗೆ ಮಗ್ಗುಲು ಬದಲಿಸಿ ಮಲಗಲಾರದೆ ಒದ್ದಾಡುವಾಗ ಅವ್ವ ಗಂಧ ತೇಯ್ದು ಹಚ್ಚಿ, ‘ತಡ್ಕೊ ಮಗ, ಮಾತ್ರೆ ವಾರ ಹತ್ರ ಬತ್ತು’ ಅನ್ನುತ್ತಿದ್ದಳು. ಮಾತ್ರೆ ಪಕ್ಕದ ಗೂಡಿನಲ್ಲೇ ಇತ್ತು. ನಾನು ಬಾಯಿ ಬಿಡಲಿಲ್ಲ. ಈಗ ಹೇಳಿದರೆ ಆಗ ನಕ್ಕಿದ್ದು ಅವಳಿಗೆ ಏನನ್ನಿಸೀತು ಅನ್ನುವುದೇ ನನಗೆ ಅಡ್ಡ ಬಂತು.

ಕೊನೆಗೆ ಅವಳೇ ಹಾಸನಕ್ಕೆ ಎಳೆದುಕೊಂಡು ಹೋದಳು. ಡಾಕ್ಟರು ನನ್ನ ಗದ್ದ ಹಿಡಿದು ಬೆಳಕಿಗೆ ತಿರುಗಿಸಿದರು. ‘ಯಾರಮ್ಮಾ ಮಾತ್ರೆ ಬಿಡ್ಸಿದ್ದು?’

‘ನೀವೇ ಯೋಳಿದ್ರಲ್ಲ ಸಾ, ತಿಂಗ್ಳಿಗೆ ಒಂದ್ ವಾರ ಸಾಕು ಅಂತ.’

ಡಾಕ್ಟರು ನನ್ನ ಕಡೆ ನೋಡಿದರು. ಅವ್ವನೂ ನೋಡಿದಳು. ಊರವರ ದನಿಯೆಲ್ಲ ಗೊತ್ತಿದ್ದವನಿಗೆ ತನ್ನದು ಸಿಗಲಿಲ್ಲ, ಕೈ ತಾನಾಗಿ ತುಟಿಗೆ ಹೋಯಿತು.

‘ತುಟಿ ಒಡೆದ್ರೆ ನಂಗೆ ಹೇಳ್ಬೇಕಿತ್ತಪ್ಪಾ, ಡೋಸ್ ಕಮ್ಮಿ ಮಾಡ್ತಿದ್ದೆ’ ಅಂದರು ನಿಧಾನಕ್ಕೆ. ‘ತುಟಿ ಮಾತ್ರೆ ಮುಗಿದ್ಮೇಲೆ ತಾನೇ ಸರಿಹೋಗುತ್ತೆ. ಈ ಗುಂಡಿಗಳು ಪೂರ್ತಿ ಹೋಗಲ್ಲ.’ ಸರೀನಾ ಅಂತ ಕೇಳಲಿಲ್ಲ.

ಬಸ್ಸಿನಲ್ಲಿ ಅವ್ವ ಬಯ್ಯಲಿಲ್ಲ. ಬೈದಿದ್ದರೆ ಆ ಬೈಗುಳವನ್ನೂ ಕಲಿತು ನಾಲ್ಕು ಜನರನ್ನು ನಗಿಸುತ್ತಿದ್ದೆನೇನೋ. ಕಿಟಕಿಯ ಕಡೆ ಮುಖ ಮಾಡಿಕೊಂಡು, ‘ನಾನಾದ್ರೂ ಡಾಕ್ಟ್ರಿಗೆ ಒಂದು ಫೋನ್ ಮಾಡಿ ಕೇಳ್ಬೇಕಾಗಿತ್ತು’ ಅಂದಳು.

ಮತ್ತೆ ದಿನಾ ಮಾತ್ರೆ ಶುರುವಾಯಿತು. ಕಡಿಮೆ ಡೋಸು, ತುಟಿಗೆ ತುಪ್ಪ. ಹೊಸ ಗಂಟು ಏಳುವುದು ನಿಂತಿತು. ದವಡೆಯ ಗುಂಡಿಗಳು ಉಳಿದವು. ಈಗಲೂ ಶೇವ್ ಮಾಡುವಾಗ ಬ್ಲೇಡು ಅಲ್ಲಿ ಎಡವುತ್ತದೆ.

ಎಷ್ಟೋ ತಿಂಗಳ ಮೇಲೆ ಡಾಕ್ಟರು ಸಾಕು, ನಿಲ್ಲಿಸು ಅಂದರು. ಮನೆಗೆ ಬಂದು, ಯಾರ ದನಿಯನ್ನೂ ತರದೆ, ಅಷ್ಟನ್ನೇ ಹೇಳಿದೆ. ಅವ್ವ ರಾಗಿ ಜರಡಿ ಕೆಳಗಿಟ್ಟು, ಚಪ್ಪಲಿ ಮೆಟ್ಟಿ, ಬೀದಿ ತುದಿಯ ಎಸ್‌ಟಿಡಿ ಬೂತಿಗೆ ಹೋದಳು. ನಾನೂ ಹಿಂದೆಯೇ ಹೋದೆ. ಗಾಜಿನಾಚೆ ರಿಸೀವರು ಹಿಡಿದು ಅವಳು ತಲೆಯಾಡಿಸುತ್ತಿದ್ದುದು ಕಂಡಿತು. ಹೊರಗೆ ಬಂದವಳು ನನ್ನ ಮುಖ ನೋಡದೆ, ‘ಊಂ, ನಿಲ್ಲುಸ್ಬೋದಂತೆ’ ಅಂದಳು.