ಚೇಂಬರ್ ಗುಂಡಿಯಲ್ಲಿ ತೆಂಗಿನ ಸಸಿ

ನಮ್ಮ ಕಡೆಯವರ ಕಣ್ಣಿಗೆ ಒಂದು ಗುಂಡಿ ಬಿದ್ದರೆ ಸಾಕು, ಅದರಲ್ಲಿ ತೆಂಗು ನೆಡದೆ ಕೈ ಸುಮ್ಮನಿರುವುದಿಲ್ಲ. ತಿಪಟೂರಿನ ಹಳೆಯ ಒಳಚರಂಡಿ ಕಿತ್ತು ಹೊಸದು ಹಾಕಿಸಲು ಹೊರಗಿನಿಂದ ಬಂದ ಇಂಜಿನಿಯರಿಗೆ ಈ ವಿಷಯವನ್ನು ಯಾರೂ ಹೇಳಿರಲಿಲ್ಲ.

ಅವರು ಮರ್ಯಾದಸ್ಥರೇ. ಬೀದಿಯವರನ್ನೆಲ್ಲ ಸೇರಿಸಿ, ಧೂಳೇಳದ ಹಾಗೆ ನೀರು ಹೊಡೆಸುತ್ತೇವೆ, ದಾಟಲು ಹಲಗೆ ಹಾಕಿಸುತ್ತೇವೆ, ಅಗೆದ ದಿನವೇ ಮುಚ್ಚುತ್ತೇವೆ, ನಿಮಗೆ ತೊಂದರೆಯೇ ಗೊತ್ತಾಗುವುದಿಲ್ಲ ಎಂದರು. ನೀರು ಹೊಡೆಸಿದರು, ಹಲಗೆಯನ್ನೂ ಹಾಕಿಸಿದರು. ನಮ್ಮ ಮನೆ ಮುಂದೆ ಬಂದಾಗ ಮಾತ್ರ ಚೇಂಬರಿಗೆ ಇಳಿಸುವ ಸಿಮೆಂಟ್ ರಿಂಗು ಮುಗಿದುಹೋಯಿತು. ಅಷ್ಟರಲ್ಲಿ ನಮ್ಮ ಕಕ್ಕಸಿನ ಹಳೇ ಪೈಪನ್ನು ಕತ್ತರಿಸಿಯಾಗಿತ್ತು. ಗುಂಡಿಯ ಸುತ್ತ ಕೆಂಪು ಬಿಳಿ ಟೇಪು ಕಟ್ಟಿ, "ರಿಂಗ್ ಬಂದೇಟ್ಗೆ ಬತ್ತೀವಿ ಕಣಕ್ಕ" ಎಂದು ಕೆಲಸದವರು ಹೊರಟುಹೋದರು.

ನಾನು ಪಾಠ ಮಾಡುವ ಶಾಲೆಯಲ್ಲಿ ಹೇಗೋ ನಿಭಾಯಿಸಿದೆ. ಫಜೀತಿಯೆಲ್ಲ ಅತ್ತೆಯದು. ಅವರ ಮಂಡಿ ಕುಕ್ಕರಗಾಲಲ್ಲಿ ಕೂರಲು ಬಿಡದು, ಕಮೋಡೇ ಆಗಬೇಕು. ನಮ್ಮನ್ನು ಬಿಟ್ಟರೆ ಬೀದಿಯಲ್ಲಿ ಕಮೋಡ್ ಇದ್ದದ್ದು ಎದುರುಮನೆ ಟೈಲರ್ ಸಾಬರಲ್ಲಿ ಮಾತ್ರ. ಆ ಟೈಲರ್ ತಾಯಿಯ ಜೊತೆ ಅತ್ತೆ ಮಾತು ಬಿಟ್ಟು ಎಷ್ಟೋ ಕಾಲವಾಗಿತ್ತು. ನಮ್ಮ ಮರದ ಗರಿ ಬಿದ್ದು ಅವರ ಹಂಚು ಒಡೆದಾಗ ಆಕೆ ಮರವನ್ನು ಬೈದಿದ್ದರಂತೆ. ನಮ್ಮನ್ನು ಬೈದಿದ್ದರೆ ಅತ್ತೆ ಅದೇ ವಾರ ಮರೆಯುತ್ತಿದ್ದರು.

ಮೊದಲ ದಿನ ಅತ್ತೆ ಮಧ್ಯಾಹ್ನದವರೆಗೆ ಸ್ವಾಭಿಮಾನದಿಂದ ತಡೆದುಕೊಂಡರು. ಆಮೇಲೆ ನನ್ನ ಮುಖ ನೋಡದೆ ಹಲಗೆ ದಾಟಿ ಓಡಿದರು. ಟೈಲರ್ ತಾಯಿ ತುಟಿಪಿಟಕ್ಕೆನ್ನದೆ ಒಳಗೆ ಕೈ ತೋರಿಸಿದರು. ಮಾರನೆಯ ದಿನ "ಅರೆ, ನಿಧಾನ ಬಾ ಅಕ್ಕ, ಜಾರೀತು" ಎಂದರು. ಬರಬರುತ್ತಾ ಅತ್ತೆ ಹೋದರೆ ಒಂದು ಗಂಟೆ ಬರುತ್ತಲೇ ಇರಲಿಲ್ಲ. ಮಲಬದ್ಧತೆ ಇರಬೇಕೆಂದು ನಾನು ಊಟವಾದ ಮೇಲೆ ಬಾಳೆಹಣ್ಣು ಕೊಡತೊಡಗಿದೆ.

ರಿಂಗು ಬರಲೇ ಇಲ್ಲ. ಒಂದು ಭಾನುವಾರ ಬಾಗಿಲು ತೆಗೆದರೆ ಚೇಂಬರ್ ಗುಂಡಿಯಲ್ಲಿ ತೆಂಗಿನ ಸಸಿ ನಿಂತಿದೆ! ಕೆಳಗೆ ಮರಳು, ಉಪ್ಪು, ಕೊಟ್ಟಿಗೆ ಗೊಬ್ಬರ. ಪಕ್ಕದಲ್ಲಿ ಕೈ ಕೊಡವುತ್ತಾ ಅತ್ತೆ.

"ಮೂರಡಿ ಉದ್ದ, ಮೂರಡಿ ಅಗ್ಲ, ಮೂರಡಿ ಆಳ. ಅಳ್ತೆ ಹಿಡ್ದು ತೆಗ್ದಂಗೈತೆ ಕಣೇ. ಖಾಲಿ ಬುಡಕ್ಕಾಯ್ತದಾ?"

"ಅತ್ತೆ, ಅದು ನಮ್ಮ ಕಕ್ಕಸಿನ ಗುಂಡಿ!"

"ಹಂಗಾದ್ರೆ ಗೊಬ್ರಕ್ಕೇನೂ ಬರ ಇಲ್ಲ ಬುಡು."

ನಾನು ತಲೆ ಚಚ್ಚಿಕೊಂಡೆ. ಆ ವಾರ ತಪಾಸಣೆಗೆ ಬಂದ ಇಂಜಿನಿಯರು ದೂರದಿಂದಲೇ ಟೇಪಿನ ಫೋಟೋ ತೆಗೆದುಕೊಂಡು, "ಸುರಕ್ಷತೆ ಅಂದರೆ ಈ ಮನೆಯವರದು" ಎಂದು ಹೊಗಳಿದರು. ಅತ್ತೆ ಆ ಟೇಪನ್ನು ಬಿಗಿ ಮಾಡಿದ್ದು ಮೇಕೆಗಳು ಸಸಿಗೆ ಬಾಯಿ ಹಾಕದಿರಲೆಂದು.

ಕೊನೆಗೂ ರಿಂಗು ಬಂತು. ಜೆಸಿಬಿ ಡ್ರೈವರ್ ಹುಳಿಯಾರು ಕಡೆಯವನು. ಗುಂಡಿಯೊಳಗೆ ಇಣುಕಿ ನೋಡಿ ಇಂಜಿನ್ ಆಫ್ ಮಾಡಿದ.

"ಇದ್ನ ನಾನು ಕೀಳಾಕಿಲ್ಲ ಕಣಕ್ಕ. ನೆಟ್ಟಿರೋ ತೆಂಗು ಕಿತ್ತೆ ಅಂತ ಗೊತ್ತಾದ್ರೆ ನಮ್ಮವ್ವ ಅನ್ನ ಇಕ್ಕಲ್ಲ."

ಕೂಲಿಯವರೂ ಕೈ ಹಿಂದಕ್ಕೆ ಕಟ್ಟಿಕೊಂಡರು. ಇಂಜಿನಿಯರಿಗೆ ರೇಗಿತು. "ಹಾಗಾದರೆ ಮುಂದಿನ ಬೀದಿಗೆ ನಡೀರಿ. ಈ ಮನೆ ಆಮೇಲೆ ನೋಡೋಣ." ಆಮೇಲೆ ಎಂದರೆ ಯಾವಾಗ ಎಂದು ನನಗೆ ಗೊತ್ತು. ಸೆರಗು ಸಿಕ್ಕಿಸಿಕೊಂಡು ನಾನೇ ಗುಂಡಿಗಿಳಿದೆ. ಸಸಿ ಹಿಡಿದೆ. ನಾನೂ ಅದೇ ತೆಂಗಿನ ಸೀಮೆಯ ಮಾಯಸಂದ್ರದ ಮಗಳು, ಹಾಳಾದ್ದು ಕೈ ಬರಲಿಲ್ಲ! ಸುಳಿಯಲ್ಲಿ ಹೊಸ ಎಲೆ ಬೇರೆ ಬಿಟ್ಟಿತ್ತು. ಅಷ್ಟರಲ್ಲಿ ಅತ್ತೆ ಎದುರುಮನೆಯಿಂದ ಹೊರಗೆ ಬಂದರು, ಹಿಂದೆಯೇ ಟೈಲರ್ ತಾಯಿ.

"ಸಸಿ ಬೇಕೋ, ಕಕ್ಕಸು ಬೇಕೋ? ಈಗಲೇ ಹೇಳಿ ಅತ್ತೆ!" ಎಂದು ಗುಂಡಿಯೊಳಗಿಂದಲೇ ಕೂಗಿದೆ.

ಟೈಲರ್ ತಾಯಿ ಮುಂದೆ ಬಂದು, "ನಮ್ ಹಿತ್ಲಲ್ಲಿ ಜಾಗ ಐತೆ ಅಕ್ಕ, ಅಲ್ಲಿಗೆ ತಂದ್ಬುಡು" ಎಂದರು.

"ಗರಿ ಬಿದ್ರೆ ಬೈಬಾರ್ದು ಮತ್ತೆ."

"ನಮ್ ಮರ, ನಮ್ ಹಂಚು. ಯಾರ್ನ ಬೈಲಿ?"

ಸಸಿಯನ್ನು ಮಣ್ಣು ಸಮೇತ ಗೋಣಿಚೀಲದಲ್ಲಿ ಎತ್ತಿ, ಜೆಸಿಬಿ ಬಕೆಟ್ಟಿನಲ್ಲಿ ಕೂರಿಸಿ, ಬೀದಿ ದಾಟಿಸಿದೆವು. ಮದುವೆ ದಿಬ್ಬಣಕ್ಕೂ ಆ ಡ್ರೈವರ್ ಅಷ್ಟು ನಿಧಾನ ಹೋಗಿರಲಾರ. ಸಂಜೆಯೊಳಗೆ ನಮ್ಮ ಚೇಂಬರ್ ಮುಗಿದು ಗುಂಡಿ ಮುಚ್ಚಿತು.

ಮಾರನೆಯ ಬೆಳಿಗ್ಗೆ ನಾನು ಕಕ್ಕಸನ್ನು ಫಳಫಳ ತೊಳೆದು, ಹೊಸ ಬಲ್ಬು ಹಾಕಿ ಅತ್ತೆಗಾಗಿ ಕಾದೆ. ಅವರು ಚಪ್ಪಲಿ ಮೆಟ್ಟಿ ಬೀದಿಗೆ ಹೊರಟರು.

"ಎಲ್ಲಿಗೆ?"

"ಇನ್ನೆಲ್ಲಿಗೆ? ಕಕ್ಕಸಿಗೆ."

"ನಮ್ಮದೇ ಸರಿಹೋಯಿತಲ್ಲ!"

"ಅದ್ಕೆ ನೀನೋಗು."

ಸ್ವಲ್ಪ ಹೊತ್ತಿಗೆ ಎದುರುಮನೆ ಹಿತ್ತಲಿನಿಂದ ಇಬ್ಬರ ನಗು ಕೇಳಿಸಿತು. ಮಾವ ಹೋದ ಮೇಲೆ ಅತ್ತೆ ಹಾಗೆ ನಕ್ಕಿದ್ದನ್ನು ನಾನು ಕೇಳಿರಲಿಲ್ಲ. ನನಗೆ ನಿಜವಾಗಿಯೂ ಹೊಟ್ಟೆ ಉರಿಯಿತು. ಆದರೂ ಆ ರಾತ್ರಿಯಿಂದ ಬಾಳೆಹಣ್ಣು ನಿಲ್ಲಿಸಿದೆ.