ಎಂಜಲು ಫೈಲು

ಮೇಟಗಳ್ಳಿಯ ಕಾರ್ಖಾನೆಯೊಂದರಲ್ಲಿ ಮೃತ್ಯುಂಜಯನವರ ಕೆಲಸವೆಂದರೆ ತಯಾರಾದ ಬಿಡಿಭಾಗಗಳನ್ನು ಅಳೆದು ನೋಡಿ, ಸರಿಯಿಲ್ಲದ್ದಕ್ಕೆ ಕೆಂಪು ಬಣ್ಣ ಬಳಿಯುವುದು. ವರ್ಷಗಟ್ಟಲೆ ಅದನ್ನೇ ಮಾಡಿ ಮಾಡಿ ಮನೆಗೆ ಬಂದ ಮೇಲೂ ಅವರಿಗೆ ಎಲ್ಲೆಲ್ಲೂ ಐಬೇ ಕಾಣುತ್ತಿತ್ತು. ಲೋಟದ ಅಂಚು ಮೂಸಿ ನೋಡದೆ ಕಾಫಿ ಕುಡಿಯುತ್ತಿರಲಿಲ್ಲ. ಶಿಫ್ಟ್ ಬಸ್ಸಿನಲ್ಲಿ ಯಾರಾದರೂ ಕಚ್ಚಿದ ಸೀಬೆಹಣ್ಣಿನ ಇನ್ನೊಂದು ಬದಿ ಮುರಿದುಕೊಟ್ಟರೆ ಕಿಟಕಿ ಕಡೆ ತಿರುಗಿ ಕೂರುತ್ತಿದ್ದರು.

“ಸತ್ತಾಗ ನಿಮ್ಮನ್ನ ಹೊರೋಕ್ ಬಂದೋರ ಕೈನೂ ಮೂಸಿ ನೋಡ್ಬುಟ್ಟೇ ಹೊರಡ್ತೀರ ಕಣಣ್ಣ ನೀವು” ಎಂದು ಅದೇ ಬಸ್ಸಿನ ಬೀರಯ್ಯ ರೇಗಿಸುತ್ತಿದ್ದ.

ಇಂಥವರಿಗೂ ಒಂದು ಹುಚ್ಚಿತ್ತು. ಕಾರ್ಖಾನೆಯ ಆಫೀಸಿಗೆ ಹೊಸ ಕಂಪ್ಯೂಟರುಗಳು ಬಂದಾಗ ಹಳೆಯದೊಂದನ್ನು ಹೂಟಗಳ್ಳಿಯ ಮನೆಗೆ ತಂದಿದ್ದರು. ಅದರಲ್ಲಿ ಬರಹದ ಆಟಗಳನ್ನು ಆಡುತ್ತಿದ್ದರು. ಆ ಆಟಗಳಲ್ಲಿ ಚಿತ್ರವಿಲ್ಲ, ಸದ್ದಿಲ್ಲ. ‘ನೀನು ಗುಹೆಯ ಬಾಯಲ್ಲಿದ್ದೀಯ, ಒಂದು ದೀಪ ಬಿದ್ದಿದೆ’ ಎಂದು ಇಂಗ್ಲಿಷಿನಲ್ಲಿ ಪರದೆ ಹೇಳುತ್ತದೆ. ದೀಪ ತಗೋ, ಉತ್ತರಕ್ಕೆ ಹೋಗು ಎಂದು ನಾವು ಟೈಪು ಮಾಡಬೇಕು. ಅವರು ನಿಘಂಟು ತೊಡೆಯ ಮೇಲಿಟ್ಟುಕೊಂಡು ಆಡುತ್ತಿದ್ದರು. ಆಟಗಳು ಫ್ಲಾಪಿಯಿಂದ ಫ್ಲಾಪಿಗೆ, ಕೈಯಿಂದ ಕೈಗೆ ಬರುತ್ತಿದ್ದವು. ಒಂದೇ ಆಟ ನಾಲ್ಕು ಹೆಸರಲ್ಲಿ ಇರುತ್ತಿತ್ತು. ಕೆಲವುಗಳಲ್ಲಿ ಯಾರೋ ಒಳಗಿನ ಸಾಲು ಅಳಿಸಿ ತಮ್ಮ ಹೆಸರು ತುರುಕಿರುತ್ತಿದ್ದರು.

“ಥೂ, ಇನ್ನೊಬ್ಬನ ತಟ್ಟೇಲಿ ಕೈಯಾಡಿಸಿದ ಹಾಗೆ” ಎನ್ನುತ್ತಿದ್ದರು ಮೃತ್ಯುಂಜಯ.

ತೊಂಬತ್ತೇಳರ ಬೇಸಿಗೆಯಲ್ಲಿ ಬೀರಯ್ಯ ಹೆಬ್ಬಾಳದಿಂದ ತಂದುಕೊಟ್ಟ ಒಂದು ಫ್ಲಾಪಿಯಲ್ಲಿ ಪುಟ್ಟ ಪ್ರೋಗ್ರಾಮು ಸಿಕ್ಕಿತು. ಅದು ಪ್ರತಿ ಆಟದ ಫೈಲನ್ನೂ ಒಳಹೊಕ್ಕು ನೋಡಿ ಇದು ಇಂಥ ಆಟ, ಇಂಥ ವರ್ಷದ್ದು, ಅಸಲಿ ಎಂದು ಗುರುತಿಸಿ ಪಟ್ಟಿ ಬರೆಯುತ್ತಿತ್ತು. ಆಟಕ್ಕೆ ಅರ್ಥವಾಗುವ ಪದಗಳನ್ನೂ ತೆಗೆದು ತೋರಿಸುತ್ತಿತ್ತು. ಒಂದಕ್ಷರ ಬದಲಾಗಿದ್ದರೂ ‘ಗೊತ್ತಿಲ್ಲ’ ಎನ್ನುತ್ತಿತ್ತು. ಮೃತ್ಯುಂಜಯನವರು ಅದಕ್ಕೆ ಜರಡಿ ಎಂದು ಹೆಸರಿಟ್ಟರು. ಜರಡಿ ಗುರುತಿಸದ ಫೈಲುಗಳಿಗೆ ಬೇರೆ ಜಾಗ ಮಾಡಿ, ಅದಕ್ಕೆ ‘ಎಂಜಲು’ ಎಂದು ಹೆಸರು ಕೊಟ್ಟರು. ಎಂಜಲು ತುಂಬಿದಾಗ ಎಲೆ ಬಿಸಾಡಿದ ಹಾಗೆ ಪೂರ್ತಿ ಅಳಿಸಿ ಕೈ ತೊಳೆದುಕೊಂಡು ಬರುತ್ತಿದ್ದರು. ನಿಜವಾಗಿಯೂ ಹಿತ್ತಲಿಗೆ ಹೋಗಿ ಸೋಪು ಹಾಕಿ ತೊಳೆಯುತ್ತಿದ್ದರು.

ಮಗಳು ಶಿವಾನಿಗೆ ಈ ಕೈತೊಳೆಯುವಿಕೆ ಕಂಡರೆ ಆಗುತ್ತಿರಲಿಲ್ಲ. ಕ್ಲಾಸಿನಲ್ಲಿ ಎದ್ದು ನಿಂತರೆ ಬಾಯಿಯೇ ಬಾರದೆ ಅವಳು ಪಿಯುಸಿ ಅರ್ಧಕ್ಕೆ ಬಿಟ್ಟು ಮನೆಯಲ್ಲಿದ್ದಳು. ಆ ದಿನಗಳಲ್ಲಿ, ಅಪ್ಪ ಶಿಫ್ಟಿಗೆ ಹೋದ ಮಧ್ಯಾಹ್ನಗಳಲ್ಲಿ, ಹಳೆಯ ಫ್ಲಾಪಿಯೊಂದರಲ್ಲಿ ಸಿಕ್ಕ ಆಟ ಕಟ್ಟುವ ಪ್ರೋಗ್ರಾಮಿನಿಂದ ಅವಳೇ ಒಂದು ಆಟ ಕಟ್ಟಿದ್ದಳು. ಮಾತೆಲ್ಲ ಕನ್ನಡ, ಅಕ್ಷರ ಮಾತ್ರ ಇಂಗ್ಲಿಷು. ಕರೆಂಟು ಹೋದ ಮನೆಯಲ್ಲಿ ಅಜ್ಜಿಯ ಕರಡಿಗೆ, ಅದೇ ಲಿಂಗ ಇಡುವ ಬೆಳ್ಳಿಯ ಭರಣಿ, ಎಲ್ಲೋ ಉರುಳಿದೆ. ಪೂಜೆಗೆ ಮುಂಚೆ ಅದನ್ನು ಹುಡುಕಬೇಕು.

ಅವಳಿಗೆ ಬೇಕಿದ್ದದ್ದು ಒಂದೇ. ಯಾವುದನ್ನೂ ಸುಲಭವಾಗಿ ಪಾಸು ಮಾಡದ ಅಪ್ಪ, ಇದು ಯಾರದ್ದೆಂದು ತಿಳಿಯದೆ ಆಡಿ, ಪಾಸು ಅನ್ನಬೇಕು ಇಲ್ಲವೇ ಫೇಲು ಅನ್ನಬೇಕು. ಮಗಳದ್ದೆಂದು ತಿಳಿದರೆ ಆ ಮಾತಿಗೆ ಬೆಲೆಯಿಲ್ಲ. ಹಾಗಾಗಿ ಆಟವನ್ನು ಬೀರಯ್ಯನ ಹೊಸ ಫ್ಲಾಪಿಯಲ್ಲಿ ಸೇರಿಸಿ ಇಟ್ಟಳು. ಬೇರೆ ಪ್ರತಿ ಇಟ್ಟುಕೊಳ್ಳಲಿಲ್ಲ. ಇಟ್ಟುಕೊಂಡರೆ ಯಾವಾಗಲಾದರೂ ಸಿಕ್ಕಿಬೀಳುತ್ತೇನೆಂಬ ಹೆದರಿಕೆ.

ಭಾನುವಾರ ತಿಂಡಿಯಾದ ಮೇಲೆ ಮೃತ್ಯುಂಜಯನವರು ಆ ಫ್ಲಾಪಿಯನ್ನೆಲ್ಲ ಕಂಪ್ಯೂಟರಿಗೆ ಸುರಿದುಕೊಂಡು, ಅಭ್ಯಾಸದಂತೆ ಫ್ಲಾಪಿಯನ್ನು ಖಾಲಿ ಮಾಡಿ, ಜರಡಿ ಹಿಡಿದರು. ಶಿವಾನಿ ಹಿಂದೆ ನಿಂತು ಒಣಗಿದ ಬಟ್ಟೆ ಮಡಚುತ್ತಿದ್ದಳು. ಅವಳ ಫೈಲಿಗೆ ಬಂದಾಗ ಜರಡಿ ‘ಗೊತ್ತಿಲ್ಲ’ ಎಂದಿತು. ಗೊತ್ತಿರುವುದಾದರೂ ಹೇಗೆ, ಹುಟ್ಟಿ ಎರಡು ವಾರವಾಗಿತ್ತಷ್ಟೆ. ಮೃತ್ಯುಂಜಯನವರು ಪದಗಳ ಪಟ್ಟಿ ತೆಗೆದರು. ಹೋಗು. ನೋಡು. ತಗೋ. ಬುಡು.

ಅವರು ಮೂಗಿಗೆ ಪಂಚೆಯ ಚುಂಗು ಹಿಡಿದುಬಿಟ್ಟರು. “ಬುಡು ಅಂತೆ. ಯಾರದ್ದೋ ಆಟ ಕೆಡಿಸಿದ್ದಲ್ದೆ ಭಾಷೆಗೂ ಉಗುಳವ್ನೆ.”

ಆಡಿ ನೋಡಲಿಲ್ಲ. ಎಂಜಲಿಗೆ ತಳ್ಳಿ, ಎಂಜಲನ್ನು ಅಳಿಸಿ, ಹಿತ್ತಲಿಗೆ ಹೋದರು. ಸೋಪಿನ ವಾಸನೆ ಒಳಗೆ ಬಂತು. ಅಳುವಿಗೆ ಮುಂಚೆ ಶಿವಾನಿಗೆ ಅಸಹ್ಯ ಬಂತು. ಅಳೆಯದೆಯೇ ಬಣ್ಣ ಬಳಿದರಲ್ಲ ಇವರು. ಕಾರ್ಖಾನೆಯಲ್ಲೂ ಹೀಗೇ ಮಾಡುತ್ತಾರೇನೋ, ಹಿಡಿ ಕೊಳೆಯಾಗಿದ್ದರೆ ಇಡೀ ಯಂತ್ರವನ್ನೇ ಬಿಸಾಡುತ್ತಾರೇನೋ.

ಊಟಕ್ಕೆ ಕೂತಾಗಲೂ ಮೃತ್ಯುಂಜಯನವರಿಗೆ ಆ ‘ಬುಡು’ ಮರೆತಿರಲಿಲ್ಲ. ಹೆಂಡತಿ ಮಂಜುಳಮ್ಮನಿಗೆ ಹೇಳಿದರು, “ಕನ್ನಡದಲ್ಲಿ ಆಟ ಮಾಡವ್ನಂತೆ ಯಾವನೋ. ಬುಡು ಗಿಡು ಅಂತ ಗಲೀಜು.”

“ಕನ್ನಡದ್ದಾ? ಅದು ನಮ್ ಶಿವಾನೀದು ಕಣ್ರೀ. ದಿನಾ ಮಧ್ಯಾಹ್ನ ಕೂತ್ಕೊಂಡು ಅದನ್ನೇ ಕುಟ್ಟೋಳು. ಎಂಗಿದೆ?”

ಮೃತ್ಯುಂಜಯನವರು ಮಗಳ ಕಡೆ ತಿರುಗಿದರು. “ನಿಂದಾ?” ಎಂದರು.

ಅವರು ತಟ್ಟೆಯಲ್ಲಿ ಅನ್ನ ಬಿಟ್ಟು ಎದ್ದದ್ದನ್ನು ಆ ಮನೆ ಅಂದೇ ನೋಡಿದ್ದು. ಅಳಿಸಿದ್ದನ್ನು ವಾಪಸು ತರುವ ಒಂದು ಅಪ್ಪಣೆ ಆ ಕಂಪ್ಯೂಟರಿನಲ್ಲಿತ್ತು. ಅಳಿಸಿದ ಫೈಲಿನ ಹೆಸರಲ್ಲಿ ಮೊದಲ ಅಕ್ಷರ ಹೋಗಿರುತ್ತದೆ, ಅದನ್ನು ನಾವೇ ತುಂಬಬೇಕು. ‘ಅರಡಿಗೆ’ ಎಂದು ಉಳಿದದ್ದರ ಮುಂದೆ ಅವರು ಇಂಗ್ಲಿಷಿನ ಕೆ ಒತ್ತಿದರು. ಆಟ ಬದುಕಿ ಬಂತು. ಶಿವಾನಿ ಬಾಗಿಲಲ್ಲಿ ನಿಂತಿದ್ದಳು. ಅವರು ಆಡಿದರು. ಅಡುಗೆಮನೆಗೆ ಹೋದರು, ದೀಪ ಹಚ್ಚಿದರು, ಅಟ್ಟ ಹತ್ತಿದರು, ಅಕ್ಕಿ ಡಬ್ಬದ ಹಿಂದೆ ಕರಡಿಗೆ ಸಿಕ್ಕಿತು. ಒಂದೆರಡು ಕಡೆ ಅವರ ಹುಬ್ಬು ಗಂಟಾದದ್ದನ್ನು ಅವಳು ನೋಡಿದಳು.

ತಿರುಗಿ ನೋಡಿದಾಗ ಅವರ ಮುಖ ನಗುತ್ತಿತ್ತು. “ಬಹಳ ಚೆನ್ನಾಗಿದೆ ಕಣಮ್ಮ. ಫಸ್ಟ್ ಕ್ಲಾಸ್. ಒಂದು ತಪ್ಪಿಲ್ಲ.”

ಇದರ ಮುಂದೆ ಬೆಳಗ್ಗೆ ಬಂದ ಅಸಹ್ಯ ಏನೂ ಅಲ್ಲ ಎನ್ನಿಸಿತು ಶಿವಾನಿಗೆ. ಹಳಸಿದ ಸಾರಿಗೆ ಸಕ್ಕರೆ ಹಾಕಿ ಕುಡಿಸಿದಂತಿತ್ತು ಆ ಹೊಗಳಿಕೆ. ಮನೆಗೆ ಬಂದ ನೆಂಟರ ಮಕ್ಕಳ ಹಾಡು ಕೇಳಿ ಎಲ್ಲರೂ ಹಲ್ಲುಬಿಡುವ ಹಾಗೆ. ಯಾರೆದುರೂ ಏಳದ ಅವಳ ದನಿ ಎದ್ದಿತು.

“ಸುಳ್ಳು ಹೇಳ್ಬೇಡಿ ಅಪ್ಪಾಜಿ. ವಾಕರಿಕೆ ಬರುತ್ತೆ.”

ಅವಳು ಬಾಗಿಲು ಬಿಟ್ಟು ಒಳಗೆ ಬಂದಳು.

“ಯಾರೋ ಪುಂಡ ಮಾಡಿದ್ದು ಅಂದ್ಕೊಂಡು ಹೇಳಿ” ಎಂದಳು. “ಬೆಳಗ್ಗೆ ಉಗುಳಿದ್ರಲ್ಲ, ಹಂಗೇ. ಆದ್ರೆ ಆಡಿ ಉಗುಳಿ.”

ಮೃತ್ಯುಂಜಯನವರ ನಗು ನಿಧಾನವಾಗಿ ಇಳಿಯಿತು. ಅವರು ಪರದೆಯತ್ತ ತಿರುಗಿ ಆಟವನ್ನು ಮೊದಲಿಂದ ಇನ್ನೊಮ್ಮೆ ಆಡಿದರು. ಆಮೇಲೆ, ಕಾರ್ಖಾನೆಯಲ್ಲಿ ಮಾತಾಡುವ ದನಿಯಲ್ಲಿ, ಅವಳ ಮುಖ ನೋಡದೆ ಹೇಳಿದರು.

“ದೀಪ ಹಚ್ಚಿದ ಮೇಲೂ ಕತ್ತಲೆ ಅಂತಾನೆ ಹೇಳುತ್ತೆ. ಏಣಿ ಇಡದೇನೇ ಅಟ್ಟ ಹತ್ತಬಹುದು. ಅಜ್ಜಿ ಎರಡು ಕಡೆ ಒಟ್ಟಿಗೆ ಕೂತವ್ರೆ. ಕೈ ತೊಳೀದೆ ಕರಡಿಗೆ ಮುಟ್ಟಿದ್ರೂ ಸುಮ್ನಿರುತ್ತೆ, ಅದು ಹೇಸಿಗೆ. ಇದನ್ನ ನಾನು ಪಾಸ್ ಮಾಡಲ್ಲ.”

ಶಿವಾನಿ ಗೋಡೆಯ ಬದಿಯ ಸ್ಟೂಲನ್ನು ಎಳೆದುಕೊಂಡು ಅವರ ಪಕ್ಕ ಕೂತಳು. “ಇನ್ನೇನು?”

“ಬುಡು ತೆಗಿ. ಬಿಡು ಅಂತ ಹಾಕು.”

“ಅದು ತೆಗೆಯಲ್ಲ. ಈ ಮನೇಲಿ ಬಿಡು ಅನ್ನೋರು ನೀವೊಬ್ರೇ.”

ಅವರು ಹಾಗಲಕಾಯಿ ಕಚ್ಚಿದವರ ಹಾಗೆ ಮುಖ ಮಾಡಿದರು. ಆದರೆ ಕೀಲಿಮಣೆಯನ್ನು ಅವಳ ಕಡೆ ಸರಿಸಿದರು. ಅವಳು ಮೊದಲು ದೀಪದ ತಪ್ಪನ್ನು ತಿದ್ದತೊಡಗಿದಳು.